ಪಿಳ್ಳಮ್ಮ ಮರೆತು ಬಂದ ಕೊಡ

ಆ ವರ್ಷ ಕುಂಟೆಯಲ್ಲಿ ಟಿಟ್ಟಿಭ ಹಕ್ಕಿಯ ಮೊಟ್ಟೆಗಳು ಗಾಡಿ ಚಕ್ರಕ್ಕೆ ಸಿಕ್ಕಿ ಒಡೆದದ್ದು ಪಿಳ್ಳಮ್ಮನ ತಪ್ಪಿನಿಂದಲ್ಲ. ಅವಳು ಮೊಟ್ಟೆಯ ಗುರುತಿನ ಕಡ್ಡಿಯನ್ನು ಸರಿಯಾದ ಜಾಗದಲ್ಲೇ ನೆಟ್ಟಿದ್ದಳು. ಅದನ್ನು ಕಿತ್ತು ಬೇರೆ ಕಡೆ ನೆಟ್ಟವಳು ನಾನು. ಹೊಟ್ಟೆಕಿಚ್ಚಿಗೆ ನೆಟ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಅವಳ ಬಗ್ಗೆ ನಾನು ಏನು ಹೇಳಿದರೂ ಅದು ಹೊಟ್ಟೆಕಿಚ್ಚಿನ ಹೆಂಗಸಿನ ಬಾಯಿಂದ ಬಂದದ್ದು ಅಂತ ನಿಮಗೆ ಗೊತ್ತಿರಲಿ.

ಪಿಳ್ಳಮ್ಮ ನನ್ನ ವಾರಗಿತ್ತಿ, ನನ್ನ ಗಂಡನ ತಮ್ಮನ ಹೆಂಡತಿ. ಬಾಗಲೂರಿನ ಕಡೆಯವಳು. ನಾನು ಆ ಮನೆಗೆ ಸೊಸೆಯಾಗಿ ಬಂದು ಐದು ವರ್ಷಕ್ಕೆ ಬಂದಳು. ನಮ್ಮದು ಯಲಹಂಕದಿಂದ ಆಚೆ, ಸಂತೆಗೆ ನಡೆದು ಹೋಗಿ ನಡೆದು ಬರುವಷ್ಟು ದೂರದ ಊರು. ಊರಿನ ಪಕ್ಕಕ್ಕೆ ಒಂದು ಕುಂಟೆ. ಕೆರೆ ಅನ್ನುವಷ್ಟು ದೊಡ್ಡದಲ್ಲ, ಹೊಂಡ ಅನ್ನುವಷ್ಟು ಚಿಕ್ಕದೂ ಅಲ್ಲ. ಏರಿಯ ಮೇಲೆ ಎರಡು ಹೊಂಗೆಮರ, ಮೂಲೆಯಲ್ಲಿ ಜೊಂಡು.

ಅವಳು ನೋಡುವುದಕ್ಕೆ ಏನೂ ಇರಲಿಲ್ಲ. ಕುಳ್ಳಿ. ಮುಂದಿನ ಎರಡು ಹಲ್ಲಿನ ನಡುವೆ ಒಂದು ಕಡಲೆಬೇಳೆ ಹಿಡಿಸುವಷ್ಟು ಸಂದು. ಆದರೆ ಒಂದು ಚಾಳಿ ಇತ್ತು. ಇದ್ದಕ್ಕಿದ್ದಂತೆ ಕೈ ಎತ್ತಿ, ಎಡಗಿವಿಯನ್ನು ಮೇಲೆ ಮಾಡಿ ನಿಂತುಬಿಡುವಳು. ಸೊಂಟದಲ್ಲಿ ಕೊಡವಿರಲಿ, ಕೈಯಲ್ಲಿ ಸಗಣಿ ಇರಲಿ, ಎದುರಿಗೆ ಬೀಗರೇ ಕೂತು ಮಾತಾಡುತ್ತಿರಲಿ, ನಿಂತಳೆಂದರೆ ನಿಂತಳೇ. "ತಡ್ಕ ಅಕ್ಕ" ಅನ್ನುವಳು. ನಾನು ತಡೆದುಕೊಳ್ಳಬೇಕು. ಏತಕ್ಕೆ? ಎಲ್ಲೋ ಒಂದು ಹಕ್ಕಿ ಕೂಗಿದ್ದಕ್ಕೆ.

ಒಂದು ದಿನ ಇಬ್ಬರೂ ಒಂದೇ ಒರಳಿಗೆ ಒನಕೆ ಹಾಕುತ್ತಿದ್ದೆವು. ಅವಳದು ಮೇಲೆ ಹೋದಾಗ ನನ್ನದು ಕೆಳಗೆ ಬರಬೇಕು. ಲಯ ತಪ್ಪಿದರೆ ಗತಿ ಕೆಟ್ಟಿತು. ಇವಳು ಒನಕೆಯನ್ನು ಮೇಲೆತ್ತಿದವಳು ಮೇಲೆಯೇ ಹಿಡಿದು ನಿಂತಳು. ನನ್ನ ಒನಕೆ ದಾರಿ ತಪ್ಪಿ ನನ್ನ ಹೆಬ್ಬೆರಳ ಮೇಲೆ ಬಿತ್ತು. ನಾನು ಅಯ್ಯೋ ಅಂತ ಕೂತೆ. ಅವಳು ಕುಂಟೆಯ ಕಡೆ ಮುಖ ಮಾಡಿ, "ಗುಳುಮುಳುಕ ಮರಿ ಮಾಡೈತೆ ಅಕ್ಕ. ದನಿ ಸಣ್ಣಕ್ಕಾಗೈತೆ ನೋಡು" ಅಂದಳು. ಉಗುರು ಕಪ್ಪಾಗಿ ಉದುರಿ ಹೊಸದು ಬರುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು.

ಇದನ್ನೆಲ್ಲ ಅವಳು ಕಲಿತದ್ದು ಜೋಳದ ಹೊಲದಲ್ಲಿ. ಚಿಕ್ಕ ಹುಡುಗಿಯನ್ನು ಅಟ್ಟಣೆಯ ಮೇಲೆ ಕೂರಿಸಿ, ಕೈಗೆ ಕವಣೆ ಕೊಟ್ಟು ಹಕ್ಕಿ ಓಡಿಸಲು ಬಿಟ್ಟಿದ್ದರಂತೆ. "ಓಡ್ಸೋಕೆ ಮುಂಚೆ ಯಾವ್ದು ಬಂತು ಅಂತ ಗೊತ್ತಾಗ್ಬೇಕಲ್ಲಕ್ಕ. ಕೇಳ್ತಾ ಕೇಳ್ತಾ ಓಡ್ಸೋದೇ ಮರ್ತೋಯ್ತಿತ್ತು. ನಮ್ಮಪ್ಪ ಬಂದು ಬೆನ್ನಿಗೆ ಎರಡು ಬಿಡೋನು" ಅಂತ ಹಲ್ಲಿನ ಸಂದು ತೋರಿಸಿ ನಗುವಳು.

ಇಷ್ಟೇ ಆಗಿದ್ದರೆ ನನಗೇನೂ ಆಗುತ್ತಿರಲಿಲ್ಲ. ಹುಚ್ಚಿ ಅಂತ ಸುಮ್ಮನಾಗುತ್ತಿದ್ದೆ. ಆದರೆ ನಮ್ಮ ಅತ್ತೆಗೆ ಆಗ ಎರಡು ಕಣ್ಣಿಗೂ ಪೊರೆ ಬಂದಿತ್ತು. ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಮೊದಲು ದಿನವೂ ಏರಿಯ ಮೇಲೆ ಕೂತು ಕುಂಟೆ ನೋಡುತ್ತಿದ್ದವರು, ಜಗುಲಿಯ ಮೇಲೆ ಕೂತು ಕೇಳುವುದಷ್ಟೇ ಆಗಿತ್ತು. ಕೇಳಿದ್ದು ಏನು ಅಂತ ಹೇಳುವವರು ಬೇಕಿತ್ತು.

ಮೊದಲು ನನ್ನನ್ನೇ ಕೇಳುತ್ತಿದ್ದರು.

"ದೊಡ್ಡೋಳೆ, ಅದೇನೇ ಕೂಗ್ತಾ ಇರೋದು?"

"ಹಕ್ಕಿ ಅತ್ತೆಮ್ಮ."

"ಹಕ್ಕಿ ಅಂತ ನಂಗೂ ಗೊತ್ತು. ಯಾವ ಹಕ್ಕಿ?"

"ಕೂಗೋ ಹಕ್ಕಿ."

ನನಗೆ ಗೊತ್ತಿದ್ದದ್ದು ಕಾಗೆ, ಕೋಗಿಲೆ, ಮನೆಯ ಕೋಳಿ. ಮಿಕ್ಕದ್ದನ್ನು ತಿಳಿದುಕೊಳ್ಳುವುದಕ್ಕೆ ನನಗೆ ಪುರಸೊತ್ತು ಯಾರು ಕೊಟ್ಟಿದ್ದರು? ಒಂಬತ್ತು ಜನಕ್ಕೆ ಹಿಟ್ಟು ತೊಳಸಬೇಕು, ಎರಡು ಎಮ್ಮೆ ಕರೆಯಬೇಕು, ಅತ್ತೆಗೆ ನೀರು ಹಾಕಬೇಕು. ಪಿಳ್ಳಮ್ಮ ಬಂದ ಮೇಲೆ ಅವರು ನನ್ನನ್ನು ಕೇಳುವುದನ್ನೇ ಬಿಟ್ಟರು. ಹೊತ್ತು ಇಳಿದರೆ ಸಾಕು, ಅವಳು ಅವರ ಕೈ ಹಿಡಿದು ಏರಿಗೆ ಕರೆದುಕೊಂಡು ಹೋಗುವಳು. ಇಬ್ಬರೂ ಹೊಂಗೆಮರದ ಕೆಳಗೆ ಕೂರುವರು.

"ಗುಳುಮುಳುಕ ಗೂಡಿಂದ ಇಳೀತು ಅತ್ತೆಮ್ಮ. ತಡ್ಕಳಿ, ಮೊಟ್ಟೆ ಮೇಲೆ ಪಾಚಿ ಎಳೀತಾವ್ಳೆ. ಬಾಗ್ಲಿಗೆ ಚಿಲ್ಕ ಹಾಕಿ ಸಂತೆಗೆ ಓಗೋರಂಗೆ. ಈಗ ನೋಡಿದ್ರೆ ಕೊಳ್ತ ಸೊಪ್ಪಿನ ಗುಡ್ಡೆ, ಅಷ್ಟೆ."

"ಮಿಂಚುಳ್ಳಿ?"

"ಅದು ಏರಿ ಮಣ್ಣಲ್ಲಿ ಬಿಲ ತೋಡೈತೆ. ಅಬ್ಬಾ, ಏನು ನಾತ! ಮೀನಿನ ಮುಳ್ಳೆಲ್ಲ ಮನೇಲೇ. ಗುಡ್ಸೋಳು ಯಾರೂ ಇಲ್ಲ."

ನಮ್ಮತ್ತೆ ನಗುತ್ತಿದ್ದರು. ಅವರು ಬಾಯಿ ಬಿಟ್ಟು ನಗುವುದನ್ನು ನಾನು ಐದು ವರ್ಷದಲ್ಲಿ ನೋಡಿರಲಿಲ್ಲ. ನಾನು ಸಾರಿಗೆ ಉಪ್ಪು ಒಂದು ಕಲ್ಲು ಹೆಚ್ಚು ಹಾಕಿದರೆ ತಟ್ಟೆ ತಳ್ಳುತ್ತಿದ್ದವರು, ಇವಳು ಹಕ್ಕಿ ಕೇಳುತ್ತಾ ನಿಂತು ಸೀಯಿಸಿದ ಸಾರನ್ನು "ಇವತ್ತು ಯಾವ ಹಕ್ಕಿ ಬಂದಿತ್ತೇ ಒಲೆ ಹತ್ರ?" ಅಂತ ಕೇಳಿಕೊಂಡು ಉಣ್ಣುತ್ತಿದ್ದರು. ಅವಳನ್ನು ಪಿಳ್ಳಿ ಅನ್ನುವರು. ನನ್ನನ್ನು ಕೊನೆಯವರೆಗೂ ದೊಡ್ಡೋಳೆ. ನನಗೂ ಒಂದು ಹೆಸರಿತ್ತು.

ಈಗ ಕಡ್ಡಿಯ ವಿಷಯ. ಶಿವರಾತ್ರಿ ಕಳೆದು ಬಿಸಿಲು ಏರಿದರೆ ಕುಂಟೆಯ ನೀರು ನಡುವಿಗೆ ಸೇರುತ್ತದೆ, ಸುತ್ತ ತಳ ಒಣಗುತ್ತದೆ. ಆ ಹೂಳು ಮಣ್ಣಿಗೆ ಗೋಡು ಅನ್ನುತ್ತೇವೆ. ಯುಗಾದಿಯೊಳಗೆ ಊರಿನವರು ಗಾಡಿ ಇಳಿಸಿ ಗೋಡು ತುಂಬಿ ಹೊಲಕ್ಕೆ ಹೊಡೆಯುವರು. ಅದೇ ಹೊತ್ತಿಗೆ ಟಿಟ್ಟಿಭ ಆ ಒಣ ತಳದಲ್ಲಿ ಮೊಟ್ಟೆ ಇಡುತ್ತದೆ. ಗೂಡು ಗೀಡು ಏನೂ ಇಲ್ಲ. ಅಂಗೈಯಷ್ಟು ಗುಂಡಿ, ಸುತ್ತ ನಾಲ್ಕು ಹರಳು, ನಡುವೆ ನಾಲ್ಕು ಮೊಟ್ಟೆ, ಚೂಪು ತುದಿಗಳು ಒಳಗೆ. ಮೊಟ್ಟೆ ಕೂಡ ಮಣ್ಣಿನ ಬಣ್ಣವೇ. ಪಕ್ಕದಲ್ಲಿ ನಿಂತರೂ ಕಾಣುವುದಿಲ್ಲ. ಅದರ ಮೇಲೆ ಚಕ್ರ ಹರಿದರೆ ಆ ಗೋಡು ಹೊಲಕ್ಕೆ ಆಗುವುದಿಲ್ಲ ಅಂತ ನಮ್ಮೂರಿನಲ್ಲಿ ನಂಬಿಕೆ. ಅದಕ್ಕೆ ಗಾಡಿ ಇಳಿಯುವ ಹಿಂದಿನ ಸಂಜೆ ನಮ್ಮ ಮನೆಯ ಹಿರಿ ಹೆಂಗಸು ಹೋಗಿ ಮೊಟ್ಟೆ ಹುಡುಕಿ, ಪಕ್ಕದಲ್ಲಿ ಸುಣ್ಣ ಬಳಿದ ಕಡ್ಡಿ ನೆಟ್ಟು ಬರಬೇಕು. ಗಾಡಿಗಳು ಆ ಕಡ್ಡಿಯಿಂದ ಹತ್ತು ಹೆಜ್ಜೆ ದೂರ ಸುತ್ತಿಕೊಂಡು ಹೋಗುವವು. ನಮ್ಮತ್ತೆಯ ಅತ್ತೆ ನೆಡುತ್ತಿದ್ದರಂತೆ. ಆಮೇಲೆ ನಮ್ಮತ್ತೆ. ಅವರ ಕಣ್ಣು ಹೋದ ಮೇಲೆ ಕಡ್ಡಿ ನನ್ನ ಕೈಗೆ ಬರಬೇಕಿತ್ತು. ಹಿರಿಸೊಸೆ ನಾನು.

ನನ್ನ ದೊಡ್ಡ ಮಗ ಹುಟ್ಟಿದ ಮಾರನೇ ವರ್ಷ ಅದು. ಐವತ್ತೆಂಟನೇ ಇಸವಿಯೋ ಐವತ್ತೊಂಬತ್ತೋ ಇರಬೇಕು. ಸುಣ್ಣ ಕಲಸಿ ಕಡ್ಡಿಗೆ ಬಳಿದವಳು ನಾನೇ. ತಂದು ಅತ್ತೆಯ ಕೈಗೆ ಕೊಟ್ಟೆ, ತಿರುಗಿ ನನಗೇ ಕೊಡುತ್ತಾರೆ ಅಂತ. ಅವರು ಕಡ್ಡಿಯನ್ನು ಹಿಡಿದು, "ಪಿಳ್ಳಿ ಎಲ್ಲವ್ಳೆ?" ಅಂದರು.

ಅವರ ಮುಂದೆ ನಾನು ಕೈ ಚಾಚಿಕೊಂಡು ನಿಂತಿದ್ದೆ. ಅವರಿಗೆ ಅದು ಕಾಣಲಿಲ್ಲ. ಪಿಳ್ಳಮ್ಮನಿಗೆ ಕಂಡಿತು.

"ಅಕ್ಕ ನೆಡ್ಲಿ ಬುಡಿ ಅತ್ತೆಮ್ಮ" ಅಂದಳು.

"ಅವ್ಳಿಗೆ ಕಾಗೆ ಯಾವ್ದು ಕೋಳಿ ಯಾವ್ದು ಅಂತ ಗೊತ್ತಾಗ್ಲಿ ಮೊದ್ಲು. ತಗಳೇ ನೀನು."

ತಗೊಂಡು ಹೋದಳು. ನಾನು ಒಳಗೆ ಹೋಗಿ ಒಲೆಗೆ ಸೌದೆ ತುರುಕಿದೆ. ಹೊಗೆ ಕಣ್ಣಿಗೆ ಹೊಡೆಯಿತು, ಅತ್ತದ್ದಕ್ಕೆ ಅದೇ ನೆವವಾಯಿತು.

ಅವಳು ಬಂದ ಮೇಲೆ, ಇನ್ನೂ ಬೆಳಕಿರುವಾಗಲೇ, ಕೊಡ ತೆಗೆದುಕೊಂಡು ಕುಂಟೆಗೆ ಹೋದೆ. ಕಡ್ಡಿ ಬೆಳ್ಳಗೆ ನಿಂತಿತ್ತು. ಅದರ ಹತ್ತಿರ ಹಕ್ಕಿ ಇರಲೇ ಇಲ್ಲ. ಹಕ್ಕಿ ಇದ್ದದ್ದು ಆಚೆ, ಮೂವತ್ತು ಹೆಜ್ಜೆ ದೂರದಲ್ಲಿ, ಜಾಲಿ ಮೋಟಿನ ಪಕ್ಕ. ನನ್ನ ಕಣ್ಣೆದುರಿಗೇ ಗರಿ ಕೆದರಿಕೊಂಡು, ಹೊಟ್ಟೆಯನ್ನು ಆ ಕಡೆ ಈ ಕಡೆ ಆಡಿಸಿ, ಹೆಂಗಸರು ಸೀರೆ ನೆರಿಗೆ ಸರಿ ಮಾಡಿಕೊಂಡು ಕೂರುವ ಹಾಗೆ ಕೂತಿತು. ನನಗೆ ಆದ ಸಂತೋಷ ಏನು ಹೇಳಲಿ! ಪಿಳ್ಳಮ್ಮನ ಕಿವಿ ತಪ್ಪಿದೆ, ನನ್ನ ಕಣ್ಣಿಗೆ ಸಿಕ್ಕಿದೆ. ಹತ್ತಿರ ಹೋದೆ. ಹಕ್ಕಿ ಎದ್ದು ತಲೆಯ ಮೇಲೆ ಟಿಟ್ಟೀ ಟಿಟ್ಟೀ ಅಂತ ಸುತ್ತಿತು. ಮೊಟ್ಟೆ ಕಾಣಲಿಲ್ಲ. ಕಾಣುವುದಿಲ್ಲ ಅಂತ ಗೊತ್ತೇ ಇತ್ತಲ್ಲ, ಹುಡುಕಲೂ ಇಲ್ಲ. ಕಡ್ಡಿ ಕಿತ್ತು ತಂದು ಅಲ್ಲಿ ನೆಟ್ಟೆ. ಬೆಳಿಗ್ಗೆ ಎಲ್ಲರ ಮುಂದೆ, "ಪಿಳ್ಳಮ್ಮ ತಪ್ಪು ಮಾಡಿದ್ಲು, ನಾನು ಸರಿ ಮಾಡ್ದೆ" ಅನ್ನಬೇಕು ಅಂತ ಇತ್ತು. ಆ ಮಾತನ್ನು ದಾರಿಯುದ್ದಕ್ಕೂ ನಾಲ್ಕು ತರಹ ಹೇಳಿ ನೋಡಿಕೊಂಡೆ.

ಬೆಳಿಗ್ಗೆ ನಾನು ಎಮ್ಮೆ ಕರೆದು ಹೋಗುವಷ್ಟರಲ್ಲಿ ಮೊದಲ ಗಾಡಿ ಇಳಿದಿತ್ತು. ಪ್ರತಿ ವರ್ಷವೂ ಮೊದಲು ಇಳಿಯುವುದು ಮುನಿಯಪ್ಪನ ಗಾಡಿ. ಕಡ್ಡಿಯಿಂದ ದೂರವೇ ಹೊಡೆದುಕೊಂಡು ಹೋಗಿದ್ದ. ಹಕ್ಕಿ ಅರಚಿತು. ಆ ದನಿ ಬೇರೆ ಇತ್ತು. ನನಗೇ ಗೊತ್ತಾಗುವಷ್ಟು ಬೇರೆ. ಏರಿಯ ಮೇಲೆ ಕೂತಿದ್ದ ನಮ್ಮತ್ತೆ ನೆಲಕ್ಕೆ ಕೈಯೂರಿ ಎದ್ದು ನಿಂತು, "ಓಯ್ತು, ಮೊಟ್ಟೆ ಓಯ್ತು" ಅಂದರು.

ಮುನಿಯಪ್ಪ ಇಳಿದು ನೋಡಿದ. ಚಕ್ರದ ಕಬ್ಬಿಣದ ಪಟ್ಟಿಗೆ ಹಳದಿ ಅಂಟಿತ್ತು. "ಕಡ್ಡಿ ಅಲ್ಲೈತೆ, ಮೊಟ್ಟೆ ಇಲ್ಲೈತೆ! ಏನಮ್ಮ ಪಿಳ್ಳಮ್ಮ, ಕಿವಿಗೆ ಗೆದ್ಲು ಹಿಡೀತಾ?" ಅಂತ ಕೂಗಿದ. ಗಾಡಿಯವರೆಲ್ಲ ನಕ್ಕರು. ಇನ್ನೊಬ್ಬ, "ಕಿವಿ ತೂತಲ್ಲಿ ಏನಾರ ಕಸ ಸಿಕ್ಕೊಂಡೈತೇನೋ, ನೋಡ್ಕಳಮ್ಮ" ಅಂದ.

ಪಿಳ್ಳಮ್ಮ ಕೆಳಗೆ ಇಳಿದು ಹೋದಳು. ಮೊದಲು ಒಡೆದ ಮೊಟ್ಟೆ ನೋಡಿದಳು. ಅದರ ಪಕ್ಕದಲ್ಲಿ ಕಡ್ಡಿ ಕಿತ್ತ ತೂತು ಇತ್ತು, ಬಾಯಿಗೆ ಒಂದಿಷ್ಟು ಸುಣ್ಣ. ಅದನ್ನು ನೋಡಿದಳು. ಕಾಲಿನಿಂದ ಮಣ್ಣು ನೂಕಿ ತೂತನ್ನು ಮುಚ್ಚಿದಳು. ಆಮೇಲೆ ಮೇಲೆ ಬಂದು, "ತಪ್ಪಾಯ್ತು ಅತ್ತೆಮ್ಮ" ಅಂದಳು.

ಆಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಅತ್ತೆ ನೆಲ ತಡವಿಕೊಂಡು ತಿರುಗಿ ಕೂತರು. ಆಮೇಲೆ, "ದೊಡ್ಡೋಳೆ, ಬರೋ ವರ್ಷದಿಂದ ನೀನೇ ನೆಡು" ಅಂದರು. ಹಾಗೆ ಕಡ್ಡಿ ನನ್ನ ಕೈಗೆ ಬಂತು.

ಮಧ್ಯಾಹ್ನ ಪಾತ್ರೆ ತೊಳೆಯುವಾಗ ಪಿಳ್ಳಮ್ಮ ನನ್ನ ಪಕ್ಕಕ್ಕೆ ಬಂದು ಕೂತಳು. ಬೂದಿ ಹಾಕಿ ತಟ್ಟೆ ಉಜ್ಜುತ್ತಾ, ತಲೆ ಎತ್ತದೆ ಹೇಳಿದಳು: "ಅಕ್ಕ, ನಿನ್ನ ಸೆರಗಿಗೆ ಸುಣ್ಣ ಆಗೈತೆ. ಒಗ್ದುಬುಡು. ಅತ್ತೆಮ್ಮಂಗೆ ಕಾಣಕಿಲ್ಲ, ಬ್ಯಾರೆಯೋರಿಗೆ ಕಾಣ್ತದೆ."

ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಆ ಹಕ್ಕಿ ಕೂತಂಗೆ ನಾಟ್ಕ ಆಡ್ತದೆ ಕಣಕ್ಕ. ಮನುಷ್ರು ನೋಡ್ತಾವ್ರೆ ಅಂದ್ರೆ ಬರೀ ನೆಲದ ಮೇಲೆ ಕಾವು ಕೂತಂಗೆ ಕೂತ್ಕತದೆ, ಮೊಟ್ಟೆ ಎಲ್ಲೋ ಇರ್ತದೆ. ನಾನೂ ಮೊದ್ಲು ಮೋಸ ಓಗಿದ್ದೆ."

ಬೈದಿದ್ದರೆ ಸಾಕಿತ್ತು. ಜುಟ್ಟು ಹಿಡಿದು ಜಗಳ ಆಡಿದ್ದರೆ ನಾನೂ ನಾಲ್ಕು ಮಾತಾಡಿ ಹಗುರವಾಗುತ್ತಿದ್ದೆ. ಅವಳು ನನಗೆ ಪಾಠ ಹೇಳಿಕೊಟ್ಟಳು! ಹಕ್ಕಿಯ ವಿಷಯದಲ್ಲಿ ಮೇಲು, ಅತ್ತೆಯ ವಿಷಯದಲ್ಲಿ ಮೇಲು, ಈಗ ಒಳ್ಳೆಯತನದಲ್ಲೂ ಮೇಲು. ನನಗೆ ಅಂತ ಏನು ಬಿಟ್ಟಳು ಅವಳು? ಆ ಮಧ್ಯಾಹ್ನ ಅವಳ ಮೇಲೆ ಬಂದ ಸಿಟ್ಟು ಅದಕ್ಕೂ ಮುಂಚೆ ಯಾವತ್ತೂ ಬಂದಿರಲಿಲ್ಲ.

ಆ ಗೋಡನ್ನೇ ಹೊಲಕ್ಕೆ ಹೊಡೆದರು. ರಾಗಿ ಚೆನ್ನಾಗೇ ಬಂತು. ಅದಕ್ಕೇ ನಾನು ಇಂಥ ನಂಬಿಕೆಗಳನ್ನು ನಂಬುವುದಿಲ್ಲ. ಹಕ್ಕಿಯೂ ತಿಂಗಳೊಳಗೆ ಇನ್ನೊಂದು ಕಡೆ ಮೊಟ್ಟೆ ಇಟ್ಟು ಮರಿ ಮಾಡಿತು. ಆದರೆ ಪಿಳ್ಳಮ್ಮನ ಹೆಸರು ಹೋದದ್ದು ತಿರುಗಿ ಬರಲಿಲ್ಲ. ಅವಳು ಕೈ ಎತ್ತಿ ಕಿವಿ ಕೊಟ್ಟು ನಿಂತರೆ ಊರಿನವರು, "ಗೆದ್ಲು ಬುಟ್ಟೋಯ್ತಾ?" ಅನ್ನುವರು. ಅವಳೂ ನಗುವಳು. ಬರುಬರುತ್ತಾ ಜನರೆದುರು ಕೈ ಎತ್ತುವುದನ್ನು ಬಿಟ್ಟಳು.

ಮಾರನೇ ವರ್ಷ ಕಡ್ಡಿ ಹಿಡಿದುಕೊಂಡು ಕುಂಟೆಗೆ ಇಳಿಯಬೇಕಾದ ಸಂಜೆ ಬಳಿದ ಸುಣ್ಣವನ್ನೇ ಮತ್ತೆ ಮತ್ತೆ ಬಳಿಯುತ್ತಾ ಹೊತ್ತು ಕಳೆದೆ. ಮೊಟ್ಟೆ ಎಲ್ಲಿ ಅಂತ ನನಗೇನು ಗೊತ್ತು? ಹೊಸಿಲು ದಾಟುವಾಗ ಪಿಳ್ಳಮ್ಮ ಒಳಗಿನಿಂದ ಕೂಗಿದಳು: "ಅಕ್ಕ, ನನ್ ಕೊಡ ಕುಂಟೇಲೇ ಮರ್ತು ಬಂದಿವ್ನಿ. ಬರ್ತಾ ತಂದ್ಬುಡು." ಹೋಗಿ ನೋಡಿದರೆ ಒಣ ತಳದ ನಡುವೆ, ನೀರಿನಿಂದ ಎಷ್ಟೋ ದೂರದಲ್ಲಿ, ಕೊಡ ಒಂದೇ ಕೂತಿದೆ. ನೀರು ತರುವ ಹೆಂಗಸು ಅಲ್ಲಿ ಕೊಡ ಇಡುವುದಿಲ್ಲ. ಬಗ್ಗಿ ನೋಡಿದೆ. ಕೊಡದಿಂದ ಎರಡು ಗೇಣಿಗೆ ನಾಲ್ಕು ಮೊಟ್ಟೆ.

ಹೀಗೆ ಒಟ್ಟು ಏಳು ವರ್ಷ ಪಿಳ್ಳಮ್ಮ ಕೊಡ ಮರೆತು ಬಂದಳು. ಏಳು ವರ್ಷವೂ ನಾನು ಕೊಡ ತಂದೆ, ಕಡ್ಡಿ ನೆಟ್ಟೆ. ಗಾಡಿಯವರು, "ಹಿರಿಸೊಸೆ ಅಂದ್ರೆ ಇಂಗಿರ್ಬೇಕು" ಅನ್ನುವರು. ಅತ್ತೆ, "ದೊಡ್ಡೋಳೂ ಕಲ್ತ್ಲು" ಅನ್ನುವರು. ಆ ಹೊಗಳಿಕೆ ನನ್ನದಲ್ಲ ಅಂತ ನನಗೆ ಗೊತ್ತಿತ್ತು. ಆದರೂ ಬೇಡ ಅನ್ನುತ್ತಿರಲಿಲ್ಲ.

ಅತ್ತೆ ಹೋದದ್ದು ಒಂದು ಮಾಘದಲ್ಲಿ. ಕೊನೆಯ ದಿನ ನಾನು ಅವರ ಕಾಲಿಗೆ ಬಿಸಿ ಎಣ್ಣೆ ಹಚ್ಚುತ್ತಿದ್ದೆ. ಹೊರಗೆ ಏನೋ ಕೂಗಿತು. "ಪಿಳ್ಳಿ, ಅದೇನೇ?" ಅಂದರು. ಅವಳು ತಲೆದೆಸೆಗೆ ಕೂತು, "ಕೆಂಬೂತ ಅತ್ತೆಮ್ಮ, ಜೊಂಡಲ್ಲಿ ಕುಂತೈತೆ" ಅಂದಳು. ಅಷ್ಟೇ ಅವರು ಕೇಳಿದ್ದು. ಕಾಲು ತಿಕ್ಕುತ್ತಿರುವವರು ಯಾರು ಅಂತ ಕೇಳಲಿಲ್ಲ.

ಮಾರನೇ ವರ್ಷವೇ ಅಣ್ಣತಮ್ಮಂದಿರು ಬೇರೆಯಾದರು. ಮೈದುನನಿಗೆ ಯಶವಂತಪುರದಲ್ಲಿ, ರೈಲಿನ ಸಾಮಾನು ಇಳಿಸುವ ಕಡೆ ಕೆಲಸ ಸಿಕ್ಕಿತು. ಹೊರಟದ್ದು ಶಿವರಾತ್ರಿ ಕಳೆದ ಮೇಲೆ. ನಾಳೆ ಗೋಡಿನ ಗಾಡಿ ಇಳಿಯಬೇಕು, ಇವತ್ತು ಇವರು ಹೊರಟರು. ಸಾಮಾನು ಏರಿಸಿದ ಗಾಡಿಯ ಹಿಂದೆ ಪಿಳ್ಳಮ್ಮ ಕಾಲು ಇಳಿಬಿಟ್ಟು ಕೂತಿದ್ದಳು. ತೊಡೆಯ ಮೇಲೆ ಅದೇ ಕೊಡ.

"ಕೊಡ ಈ ಸಲ ಜೊತೇಲೇ ಬರ್ತದೆ ಅಕ್ಕ" ಅಂದಳು. "ಈ ವರ್ಷ ನಂಗೂ ಮೊಟ್ಟೆ ಹುಡ್ಕೋಕೆ ಆಗ್ಲಿಲ್ಲ, ಗಂಟು ಮೂಟೆ ಕಟ್ಟೋದೇ ಆಯ್ತು. ಆತ್ರ ಬೀಳ್ಬ್ಯಾಡ. ಮಟಮಟ ಮಧ್ಯಾಹ್ನ ನೋಡು. ಬಿಸ್ಲು ಏರಿದ್ರೆ ಹಕ್ಕಿ ನೀರಿಗಿಳ್ದು ಹೊಟ್ಟೆ ಗರಿ ನೆನೆಸ್ಕೊತದೆ, ಮೊಟ್ಟೆ ತಣ್ಣಗೆ ಮಾಡಾಕೆ. ಒದ್ದೆ ಹೊಟ್ಟೇಲಿ ಎಲ್ಲಿಗೆ ಓಯ್ತದೋ ಅದೇ ಜಾಗ. ಆವಾಗ ಮಾತ್ರ ಅದು ಸುಳ್ಳು ಆಡಕಿಲ್ಲ."

ಆ ವರ್ಷ ಕಡ್ಡಿ ಕಿತ್ತದ್ದು ನಾನು ಅಂತ ಅವಳ ಮುಂದೆ ಒಂದು ಸಲ ಬಾಯಿ ಬಿಟ್ಟು ಹೇಳಬೇಕು ಅನ್ನಿಸಿತು. "ಕೊಡ ಭದ್ರ. ಕಲ್ಲಿಗೆ ತಾಗ್ಸಿ ಸೊಟ್ಟ ಮಾಡ್ಕೊಬ್ಯಾಡ" ಅಂದೆ. ಗಾಡಿ ಹೊರಟಿತು. ಏರಿಯ ಹತ್ತಿರ ಹೋದಾಗ ಅವಳ ಕೈ ಮೇಲೆದ್ದದ್ದು ಕಂಡಿತು. ನನಗೆ ಬೀಸಿದ್ದಲ್ಲ. ಎಡಗಿವಿ ಮೇಲಾಗಿತ್ತು.

ಆಮೇಲೆ ಅವಳು ಹಬ್ಬಕ್ಕೆ ಹುಣ್ಣಿಮೆಗೆ ಬಂದಳು, ಗೋಡಿನ ಕಾಲಕ್ಕೆ ಬರಲಿಲ್ಲ. ನನಗಿಂತ ಚಿಕ್ಕವಳು, ನನಗಿಂತ ಮುಂಚೆ ಹೋದಳು. ಹೋಗಿ ಮಣ್ಣು ಹಾಕಿ ಬಂದೆ. ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಹೇಳಬೇಕಾದ್ದು ಅವಳು ಊರು ಬಿಟ್ಟ ಮರುದಿನ ಬೆಳಿಗ್ಗೆಯ ವಿಷಯ.

ಬೆಳಗಾಗುತ್ತಲೇ ಸುಣ್ಣದ ಕಡ್ಡಿ ಹಿಡಿದು ಕುಂಟೆಗೆ ಹೋದೆ. ಹಿಂದಿನ ಸಂಜೆ ನೆಟ್ಟಿರಲಿಲ್ಲ. ಎಲ್ಲಿ ನೆಡಲಿ? ಗಾಡಿಗಳು ಏರಿಯ ಮೇಲೆ ಸಾಲಾಗಿ ನಿಂತಿದ್ದವು. ಹಕ್ಕಿ ನನ್ನನ್ನು ನೋಡಿ ಒಂದು ಕಡೆ ಕೂತಿತು, ಎದ್ದು ಇನ್ನೊಂದು ಕಡೆ ಕೂತಿತು, ಮತ್ತೊಂದು ಕಡೆ ನೆರಿಗೆ ಸರಿ ಮಾಡಿಕೊಂಡಿತು. ಮುನಿಯಪ್ಪ ಮೇಲಿನಿಂದ, "ಏನಕ್ಕ, ಕಡ್ಡಿ ಇನ್ನೂ ಕೈಯಾಗೇ ಐತೆ?" ಅಂದ.

"ಮೊಟ್ಟೆ ಎಲ್ಲೈತೆ ಅಂತ ನಂಗೆ ಗೊತ್ತಿಲ್ಲ" ಅಂದೆ. "ಯಾವತ್ತೂ ಗೊತ್ತಿರ್ಲಿಲ್ಲ. ಏಳು ವರ್ಷ ತೋರ್ಸಿದ್ದು ಪಿಳ್ಳಮ್ಮ. ಅದಕ್ಕೂ ಮುಂಚೆ ನಿನ್ ಚಕ್ರಕ್ಕೆ ಸಿಕ್ತಲ್ಲ, ಅವತ್ತು ಕಡ್ಡಿ ಕಿತ್ತು ಬ್ಯಾರೆ ಕಡೆ ನೆಟ್ಟಿದ್ದು ನಾನು. ಅವ್ಳಲ್ಲ."

ಮುನಿಯಪ್ಪ ಬೀಡಿ ತುಂಡು ಬಿಸಾಕಿ, "ಅಂಗಾದ್ರೆ ಪಿಳ್ಳಮ್ಮನ್ನೇ ಕರ್ಸಕ್ಕ. ಯಶವಂತಪುರ ಏನ್ ದೂರ?" ಅಂದ.

ನೋಡಿ, ಆಗಲೂ ಅವಳೇ ಬೇಕು ಇವರಿಗೆ. ಅಷ್ಟು ಹೇಳಿದ ಬಾಯಿಗೂ ಹೊಟ್ಟೆ ಉರಿಯಿತು.

"ಯಾರೂ ಬರಕಿಲ್ಲ. ಮಟಮಟ ಮಧ್ಯಾಹ್ನದವರ್ಗೂ ಒಂದ್ ಗಾಡಿನೂ ಇಳಿಯಂಗಿಲ್ಲ" ಅಂದೆ. ಗಾಡಿ ಇಳಿಯುವ ದಾರಿಗೆ ಅಡ್ಡವಾಗಿ ಕಡ್ಡಿಯನ್ನು ಮಲಗಿಸಿ, ಅದರ ಪಕ್ಕದಲ್ಲಿ ಕೂತೆ. ಅವರು ಗೊಣಗಿದರು, ಎತ್ತು ಬಿಚ್ಚಿದರು. ಬಿಸಿಲು ಇನ್ನೂ ಎಳೆಯದು. ಹಕ್ಕಿ ನನ್ನ ತಲೆಯ ಮೇಲೆಯೇ ಸುತ್ತುತ್ತಾ ಕೂಗುತ್ತಿತ್ತು. ನಾಯಿ ಕಂಡರೆ ಕೂಗುವ ಕೂಗಲ್ಲ, ಹದ್ದು ಕಂಡರೆ ಕೂಗುವ ಕೂಗಲ್ಲ. ಮನುಷ್ಯರನ್ನು ಕಂಡರೆ ಕೂಗುವುದು. ಅಷ್ಟು ಮಾತ್ರ ಆ ಹೊತ್ತಿಗೆ ನನಗೂ ತಿಳಿಯುತ್ತಿತ್ತು.